ಟೋಪಿ ಹಾಕಿಕೊಂಡ ಹುಡುಗ, ಕಾಯಿ ಸುಲಿದ ಹುಡುಗ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಆರು ಪುಟದ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗೆ ಅದರಲ್ಲಿ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ.

ನೀವು ತಿಪಟೂರು ಕಡೆ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರು. ಕಳೆದ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಮಗಳ ಮನೆಯಲ್ಲಿದ್ದಿರಿ. ಒಂದು ದಿನ ಮೊಮ್ಮಗನ ಜೊತೆ ಟಿವಿ ನೋಡುತ್ತಿದ್ದಿರಿ. ಹದಿನೇಳರ ಒಬ್ಬ ಹುಡುಗ, ಅವನ ಮುಂದೆ ಮೇಜು, ಮೇಜಿನ ಮೇಲೆ ನಾಲ್ಕು ಕಾಲೇಜುಗಳ ಟೋಪಿ. ಅವನು ಒಂದನ್ನು ಎತ್ತಿ ತಲೆಗೆ ಹಾಕಿಕೊಂಡ, ಅಂದರೆ ಆ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಸೇರುತ್ತೇನೆ ಅಂತ. ಸಭೆಯೆಲ್ಲ ಚಪ್ಪಾಳೆ. ಪಕ್ಕದಲ್ಲಿದ್ದ ಅಮ್ಮ ಅತ್ತಳು, ಅವನೂ ಅತ್ತ, ಎಲ್ಲ ಅಮ್ಮನಿಗೋಸ್ಕರ ಅಂದ. ಆಮೇಲೆ ಟಿವಿಯವರು ಐದು ನಿಮಿಷ ಅವನ ಗುಣಗಾನ ಮಾಡಿದರು. ನಿಮಗೆ ರೇಗಿತು. ಊರಿಗೆ ಬಂದು ನೋಡಿದರೆ ನಮ್ಮ ಪತ್ರಿಕೆಯಲ್ಲೂ ಅಂಥದ್ದೇ ಅರ್ಧ ಪುಟ. ಇನ್ನೂ ರೇಗಿತು.

"ನಮ್ಮ ಶಾಲೆಯಲ್ಲಿ ಒಬ್ಬ ಕಬಡ್ಡಿ ಹುಡುಗ ಇದ್ದ" ಅಂತ ಬರೆದಿದ್ದೀರಿ. "ಅವರಪ್ಪ ತೀರಿಕೊಂಡ ವಾರವೇ ಕ್ರೀಡಾ ಹಾಸ್ಟೆಲ್‌ನಿಂದ ಸೀಟು ಸಿಕ್ಕಿದ ಕಾಗದ ಬಂತು. ಮನೆಯಲ್ಲಿ ಇಬ್ಬರು ತಂಗಿಯರು. ಅವನು ಹೋಗಲಿಲ್ಲ, ಕಾಯಿ ಸುಲಿಯೋಕೆ ಹೋದ. ಅವನ ಫೋಟೋ ಯಾರು ಹಾಕಿದರು ಸ್ವಾಮಿ? ಟೋಪಿ ಹಾಕಿಕೊಂಡು ಅತ್ತರೆ ದೊಡ್ಡ ಗುಣವಾ? ಆಟಗಾರನ ಆಟ ನೋಡಬೇಕೋ, ಗುಣ ನೋಡಬೇಕೋ?"

ಮೊದಲು ತಪ್ಪೊಪ್ಪಿಗೆ. ಆ ಅರ್ಧ ಪುಟದಲ್ಲಿ ಪಾಕ ಜಾಸ್ತಿಯಾಗಿತ್ತು. ಹುಡುಗ ಇನ್ನೂ ಕಾಲೇಜಿನ ಮೆಟ್ಟಿಲು ಹತ್ತಿಲ್ಲ, ನಾವು ಆಗಲೇ ಮಾತೃಭಕ್ತ ಅಂತ ಹಾರ ಹಾಕಿಬಿಟ್ಟೆವು. ನಿಮ್ಮ ಬೈಗುಳ ನ್ಯಾಯವಾದದ್ದೇ. ಆದರೆ ಗುಣ ನೋಡಲೇಬೇಡಿ ಅಂದರೆ ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಲು ಹಳೆಯ ಒಂದು ಕಥೆ ಹೇಳಬೇಕು. ಇದೂ ಟೋಪಿ ಹಾಕಿಕೊಳ್ಳುವ ವಯಸ್ಸಿನ ಹುಡುಗನದೇ. ಆದರೆ ಅದಾಗಿ ಮೂವತ್ತು ವರ್ಷ ದಾಟಿದೆ. ಹಾಗಾಗಿ ಮುಂದೇನಾಯಿತು ಅಂತ ನೋಡುವ ಅನುಕೂಲ ನಮಗಿದೆ.

ಅದಕ್ಕೂ ಮೊದಲು, ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಅದು ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ, ಎದುರಿನವರು ಮೇಲೆ ಬಿದ್ದು ಕೆಡವಬೇಕು. ಕಬಡ್ಡಿ ಆಡಿಸಿದ ನಿಮಗೆ ಬೇಗ ಅರ್ಥವಾಗುತ್ತದೆ. ದೊಡ್ಡ ದೊಡ್ಡ ಕಾಲೇಜುಗಳು ಹೈಸ್ಕೂಲಿನ ಹುಡುಗರನ್ನು ಹುಡುಕಿಕೊಂಡು ಮನೆಗೇ ಬರುತ್ತವೆ. ಕೋಚ್ ಬಂದು ಅಮ್ಮನ ಎದುರು ಸೋಫಾ ಮೇಲೆ ಕೂರುತ್ತಾನೆ. ಹೆಣ್ಣು ನೋಡಲು ಬಂದ ಹಾಗೇ, ಆದರೆ ಇಲ್ಲಿ ವರದಕ್ಷಿಣೆ ಕೊಡುವವರು ಬಂದವರೇ. ಫೀಸು, ಊಟ, ವಸತಿ, ಪುಸ್ತಕ ಎಲ್ಲ ಕಾಲೇಜಿನದು. ಈಗ ಅದರ ಮೇಲೆ ದುಡ್ಡೂ ಇದೆ. 2021ರ ಜುಲೈಯಿಂದ ಹುಡುಗರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಸಂಪಾದಿಸಬಹುದು. 2025ರಿಂದ ಕಾಲೇಜೇ ನೇರವಾಗಿ ಕೊಡಬಹುದು. ನಾನು ಹೇಳುವ ಹುಡುಗನ ಕಾಲದಲ್ಲಿ ಇದೊಂದೂ ಇರಲಿಲ್ಲ.

ಅವನ ಹೆಸರು ವಾರಿಕ್ ಡನ್. ಊರು ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್. ಆರು ಮಕ್ಕಳಲ್ಲಿ ಇವನೇ ಹಿರಿಯ, ಮನೆಯಲ್ಲಿ ಅಪ್ಪ ಇಲ್ಲ. ಅಮ್ಮ ಬೆಟ್ಟಿ ಸ್ಮದರ್ಸ್ ಪೊಲೀಸ್ ಇಲಾಖೆಯಲ್ಲಿದ್ದಳು. ಆ ಸಂಬಳ ಆರು ಮಕ್ಕಳಿಗೆ ಸಾಲುತ್ತಿರಲಿಲ್ಲ. ಅದಕ್ಕೇ ಡ್ಯೂಟಿ ಮುಗಿದ ಮೇಲೆ ಅಂಗಡಿಗಳಿಗೆ ಕಾವಲು ಹೋಗುತ್ತಿದ್ದಳು. ಅವಳು ಇಲ್ಲದಾಗ ಚಿಕ್ಕವರನ್ನು ನೋಡಿಕೊಳ್ಳುವವನು ವಾರಿಕ್. ಸ್ವಂತ ಮನೆ ಬೇಕು ಅನ್ನುವುದು ಅವಳ ಆಸೆ. ಅದು ಆಗಲೇ ಇಲ್ಲ.

1993ರ ಜನವರಿ 5ಕ್ಕೆ ವಾರಿಕ್‌ಗೆ ಹದಿನೆಂಟು ತುಂಬಿತು. ಜನವರಿ 7ರ ರಾತ್ರಿ ಅವನಮ್ಮ ಅಂಗಡಿಯೊಂದರ ಮ್ಯಾನೇಜರ್ ಜೊತೆ ಆ ದಿನದ ದುಡ್ಡು ಕಟ್ಟಲು ಬ್ಯಾಂಕಿಗೆ ಹೋದಳು. ಅಲ್ಲಿ ಹೊಂಚು ಹಾಕಿದ್ದವರು ಗುಂಡು ಹಾರಿಸಿದರು. ಮ್ಯಾನೇಜರ್ ಗಾಯಗೊಂಡು ಬದುಕಿಕೊಂಡಳು. ಬೆಟ್ಟಿ ಸತ್ತಳು, ಮೂವತ್ತಾರು ವರ್ಷಕ್ಕೆ.

ಹುಡುಗರು ಕಾಲೇಜಿಗೆ ಸಹಿ ಹಾಕುವ ದಿನ ಆಗೆಲ್ಲ ಫೆಬ್ರವರಿಯ ಮೊದಲ ಬುಧವಾರ. ಲೆಕ್ಕ ಹಾಕಿ, ನಾಲ್ಕು ವಾರವೂ ಇರಲಿಲ್ಲ.

ಇಲ್ಲಿಗೆ ನಿಮ್ಮ ಕಬಡ್ಡಿ ಹುಡುಗನೂ ವಾರಿಕ್ಕೂ ಒಂದೇ ಗೆರೆಯ ಮೇಲೆ ನಿಂತರು, ಅಲ್ವಾ? ಇಬ್ಬರ ಕೈಯಲ್ಲೂ ಒಂದು ಕಾಗದ. ಇಬ್ಬರ ಮನೆಯಲ್ಲೂ ಚಿಕ್ಕವರು. ನಿಮ್ಮ ಹುಡುಗ ಉಳಿದ. ವಾರಿಕ್ ಹೋದ. ಅದೂ ಪಕ್ಕದೂರಿಗಲ್ಲ. ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿ ಇರುವ ಟಾಲಹಸಿ ಅವನ ಮನೆಯಿಂದ ಸುಮಾರು 700 ಕಿಲೋಮೀಟರ್. ಬ್ಯಾಟನ್ ರೂಜ್‌ನಲ್ಲೇ ಲೂಸಿಯಾನಾ ಸ್ಟೇಟ್ ಅನ್ನುವ ದೊಡ್ಡ ಯೂನಿವರ್ಸಿಟಿ ಇದೆ. ಆದರೂ ದೂರಕ್ಕೆ ಹೋದ.

ನಮ್ಮ ಕಣ್ಣಿಗೆ ಇದು ಸ್ವಲ್ಪ ಚುಚ್ಚುತ್ತದೆ. ಹಿರಿಮಗ ಅಂದರೆ ಉಳಿಯುವವನು. ಅಮ್ಮ ಸತ್ತು ತಿಂಗಳಾಗಿಲ್ಲ, ಇವನು ಆಟಕ್ಕೆ ಹೊರಟನಲ್ಲ ಅಂತ ನಮ್ಮ ಊರಿನ ಜಗಲಿ ಮೇಲೆ ಮಾತು ಬರದೇ ಇರುತ್ತಿತ್ತಾ? ನಾನೂ ಮೊದಲು ಓದಿದಾಗ ಹಾಗೇ ಅಂದುಕೊಂಡಿದ್ದೆ. ಆದರೆ ಆ ಕಾಗದದಲ್ಲಿ ಓದು, ಊಟ, ವಸತಿ ಇತ್ತು. ತಂಡದ ಕೋಚ್ ಬಾಬಿ ಬೌಡನ್ ಅವನನ್ನು ಚೆಂಡು ಹಿಡಿದು ಓಡುವ ಜಾಗದಲ್ಲೇ ಆಡಿಸಿ ನೋಡುತ್ತೇನೆ ಅಂದಿದ್ದರು. ಆಳು ಕುಳ್ಳ, ಐದು ಅಡಿ ಒಂಬತ್ತು ಇಂಚು. ಬೇರೆ ಕಡೆಯವರಿಗೆ ಅವನು ಎದುರಿನವರನ್ನು ತಡೆಯುವ ರಕ್ಷಣೆಯ ಆಟಗಾರನಾಗಿ ಬೇಕಾಗಿದ್ದ. ಇತ್ತ ಮನೆಯಲ್ಲಿ ಮಕ್ಕಳ ಜೊತೆ ಅಜ್ಜಿ ಬಂದು ನಿಂತಳು. ಅಜ್ಜಿ ಇಲ್ಲದಿದ್ದರೆ ಈ ಕಥೆಯೇ ಬೇರೆ ಆಗುತ್ತಿತ್ತು. ಟಿವಿಯವರು ಅಜ್ಜಿಯರ ಬಗ್ಗೆ ಯಾಕೆ ಹೇಳುವುದಿಲ್ಲವೋ.

ಟಾಲಹಸಿಯಲ್ಲಿ ಅವನ ರೂಮ್‌ಮೇಟ್ ಚಾರ್ಲಿ ವಾರ್ಡ್. ತಂಡದ ನಾಯಕನಂಥವನು. ಆ ವರ್ಷದ ಹೈಸ್‌ಮನ್ ಟ್ರೋಫಿ, ಅಂದರೆ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಗೌರವ, ಅವನಿಗೇ ಬಂತು. ಊರಿನ ತುಂಬ ಅವನ ಹೆಸರು. ರೂಮಿನಲ್ಲಿ ಮಾತ್ರ ಅಮ್ಮನನ್ನು ಕಳೆದುಕೊಂಡ ಹುಡುಗನಿಗೆ ಅಣ್ಣನ ಹಾಗಿದ್ದ. ಆ ಸೀಸನ್ ಮುಗಿಸಿ 1994ರ ಜನವರಿ 1ರಂದು ತಂಡ ನೆಬ್ರಾಸ್ಕಾವನ್ನು 18-16ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಅಮ್ಮ ಸತ್ತು ಒಂದು ವರ್ಷಕ್ಕೆ ಇನ್ನೂ ಆರು ದಿನ ಬಾಕಿ ಇತ್ತು.

ಆಟದ ವಿಷಯ ಬೇಗ ಮುಗಿಸುತ್ತೇನೆ. ಕಾಲೇಜಿನಲ್ಲಿ ಸತತ ಮೂರು ವರ್ಷ ಸಾವಿರ ಗಜಕ್ಕಿಂತ ಜಾಸ್ತಿ ಓಡಿದ, ಡಿಗ್ರಿಯನ್ನೂ ಮುಗಿಸಿದ. 1997ರಲ್ಲಿ ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಂಡಾಗ ಟ್ಯಾಂಪಾ ಬೇ ತಂಡ ಅವನನ್ನು ಮೊದಲ ಸುತ್ತಿನಲ್ಲೇ ತೆಗೆದುಕೊಂಡಿತು. ಆಮೇಲೆ ನಿಮ್ಮ ಮಗಳ ಊರಿನ ಅಟ್ಲಾಂಟಾ ಫಾಲ್ಕನ್ಸ್. ವೃತ್ತಿಪರ ಲೀಗಿನಲ್ಲಿ 12 ಸೀಸನ್ ಸೇರಿ ಓಡಿದ್ದು 10,967 ಗಜ. ಅಂದರೆ ಹತ್ತು ಕಿಲೋಮೀಟರ್! ನೀವು ಬೆಳಗಿನ ವಾಕಿಂಗ್‌ನಲ್ಲಿ ಮೂರು ದಿನಕ್ಕೆ ಮುಗಿಸಬಹುದು. ಆದರೆ ನಿಮ್ಮ ದಾರಿಯಲ್ಲಿ ಹೆಜ್ಜೆ ಹೆಜ್ಜೆಗೂ ನೂರು ಕಿಲೋ ತೂಕದವರು ಬಂದು ಡಿಕ್ಕಿ ಹೊಡೆಯುವುದಿಲ್ಲ.

ಈಗ ಗುಣಕ್ಕೆ ಬರೋಣ. ಟ್ಯಾಂಪಾದ ಕೋಚ್ ಟೋನಿ ಡಂಗಿ ತಮ್ಮ ಆಟಗಾರರಿಗೆ ಒಂದು ಮಾತು ಹೇಳುತ್ತಿದ್ದರು. ಈ ಊರಿನಲ್ಲಿ ಆಡುತ್ತೀರಿ, ಈ ಊರಿಗೆ ಏನಾದರೂ ಮಾಡಿ ಅಂತ. ವಾರಿಕ್ ಆಗ ಇನ್ನೂ ಹೊಸಬ, ಮೊದಲ ವರ್ಷದವನು. ಅವನಿಗೆ ತಕ್ಷಣ ಹೊಳೆದದ್ದು ಅಮ್ಮನಿಗೆ ಸಿಗದೇ ಹೋದ ಮನೆ. ಒಬ್ಬಳೇ ಮಕ್ಕಳನ್ನು ಸಾಕುವ ತಾಯಿ ಕಷ್ಟಪಟ್ಟು ಮೊದಲ ಮನೆ ಕೊಳ್ಳುವ ಹಂತಕ್ಕೆ ಬಂದಿದ್ದರೆ, ಮುಂಗಡ ಹಣಕ್ಕೆ ಅವನು ನೆರವು ಕೊಡುತ್ತಾನೆ. ಅದಷ್ಟೇ ಅಲ್ಲ, ಮನೆಯೊಳಗೆ ಬೇಕಾದ್ದೆಲ್ಲ ಜೋಡಿಸಿ ಇಡುತ್ತಾನೆ. ಮಂಚ, ಹಾಸಿಗೆ, ಪಾತ್ರೆ, ಅಡುಗೆಮನೆಗೆ ದಿನಸಿ ಎಲ್ಲ. ಬೀಗದ ಕೈ ಇಸಿದುಕೊಳ್ಳಲು ಬಂದವಳಿಗೆ ಇದೊಂದೂ ಗೊತ್ತಿರುವುದಿಲ್ಲ. ಬಾಗಿಲು ತೆಗೆದರೆ ಖಾಲಿ ಗೋಡೆಗಳ ಬದಲು ಸಂಸಾರ ಹೂಡಿದ ಮನೆ.

ಇದರಲ್ಲಿ ನನಗೆ ಇಷ್ಟವಾದದ್ದು ಒಂದು. ಅವನು ಮನೆಯನ್ನು ದಾನ ಮಾಡುವುದಿಲ್ಲ. ಮನೆ ಅವಳದೇ, ಸಾಲ ಅವಳೇ ತೀರಿಸಬೇಕು. ಅವನು ಮಾಡುವುದು ಹೊಸ ಮನೆಗೆ ಹೋದ ಮೊದಲ ರಾತ್ರಿಯ ಬರಿದನ್ನು ತುಂಬುವುದು. ಬಾಡಿಗೆ ಮನೆಯಲ್ಲಿ ಬೆಳೆದವನಿಗೇ ಇದು ತಿಳಿಯುವುದು. 1997ರಲ್ಲಿ ಶುರುವಾದ ಈ ಕೆಲಸದಿಂದ ಇನ್ನೂರಕ್ಕೂ ಹೆಚ್ಚು ಕುಟುಂಬಗಳು ಮನೆ ಸೇರಿವೆ. ಅವನು ಆಟ ಬಿಟ್ಟದ್ದು 2008ರ ಸೀಸನ್ ಆದ ಮೇಲೆ. ಕೆಲಸ ಬಿಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಮತ್ತೆ ಪಾಕ ಜಾಸ್ತಿ ಅನ್ನುತ್ತೀರಿ. ಹಾಗಾಗಿ ಇನ್ನೂ ಮೂರು ವಿಷಯ ಹೇಳುತ್ತೇನೆ.

ಅಷ್ಟು ಭಾರ ಹೊತ್ತ ಹುಡುಗ ಸುಮ್ನೆ ನಗುನಗುತ್ತಾ ಹೊತ್ತ ಅಂದುಕೊಳ್ಳಬೇಡಿ. ತಾನು ಖಿನ್ನತೆಯಲ್ಲಿ ಬಿದ್ದಿದ್ದೆ, ಯಾರ ಹತ್ತಿರವೂ ಮನಸ್ಸು ಬಿಚ್ಚುತ್ತಿರಲಿಲ್ಲ, ವರ್ಷಗಳಾದ ಮೇಲೆ ಆಪ್ತಸಲಹೆಗೆ ಹೋದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಹದಿನೆಂಟಕ್ಕೆ ತಮ್ಮ ತಂಗಿಯರಿಗೆ ಅಪ್ಪನಾಗುವುದು ಹೊಗಳಲು ಚೆನ್ನ. ಹೊತ್ತವನಿಗೆ ಮಾತ್ರ ಅದರ ತೂಕ ಗೊತ್ತು. ನಮ್ಮ ಅರ್ಧ ಪುಟದಲ್ಲಿ ಈ ತೂಕದ ಒಂದು ಸಾಲೂ ಇರಲಿಲ್ಲ. ನನಗೆ ನಾಚಿಕೆಯಾದದ್ದು ಅದಕ್ಕೇ.

ಎರಡನೆಯದು ಜೈಲಿನದು. 2007ರ ಅಕ್ಟೋಬರ್‌ನಲ್ಲಿ ಅವನು ಲೂಸಿಯಾನಾದ ಅಂಗೋಲಾ ಜೈಲಿಗೆ ಹೋಗಿ, ಅಮ್ಮನ ಕೊಲೆಗಾಗಿ ಮರಣದಂಡನೆ ಆಗಿದ್ದವನನ್ನು ಎದುರಾಬದುರು ಕೂತು ಮಾತಾಡಿಸಿದ. ನೀನು ನಮ್ಮಿಂದ ಏನು ಕಿತ್ತುಕೊಂಡೆ ಅಂತ ಹೇಳಿದ. ಕ್ಷಮಿಸಿ ಮುಂದೆ ಹೋಗಬೇಕಾಗಿದೆ ಅಂತಲೂ ಹೇಳಿದ. ಅದೇ ಕೈದಿಯ ಮೊಕದ್ದಮೆ 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಪ್ರಶ್ನೆ ಅವನ ಬುದ್ಧಿಮಟ್ಟದ್ದು. ಬುದ್ಧಿ ಕುಂಠಿತನಾದವನಿಗೆ ಅಲ್ಲಿ ಮರಣದಂಡನೆ ಕೊಡುವಂತಿಲ್ಲ, ಇವನು ಅಂಥವನೇ ಅಂತ ವಿಚಾರಣೆ ನಡೆಸಬೇಕೇ ಅನ್ನುವುದು. 5-4ರಲ್ಲಿ ತೀರ್ಪು ಕೈದಿಯ ಕಡೆಗಾಯಿತು. ಒಪ್ಪದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ತಮ್ಮ ಬರಹದಲ್ಲಿ ವಾರಿಕ್ ಕಥೆಯನ್ನೇ ಬಿಡಿಸಿಟ್ಟರು. ಇವನೂ ಅಪ್ಪನಿಲ್ಲದೆ ಬೆಳೆದವನು, ಹೇಗೆ ಬದುಕಿದ ನೋಡಿ ಅಂತ. ಅವರ ಕಡೆಯವರೇ ಆದ ನ್ಯಾಯಮೂರ್ತಿ ಅಲಿಟೊ ಅದಕ್ಕೆ ಏನು ಬರೆದರು ಗೊತ್ತಾ? ಕಥೆ ಸ್ಫೂರ್ತಿ ಕೊಡುವಂಥದ್ದು, ಜನ ಓದಲಿ, ಆದರೆ ಕಾನೂನಿನ ಪ್ರಶ್ನೆಗೆ ಇದು ಬೇಕಿಲ್ಲ. ಆಟ ನೋಡಬೇಕೋ ಗುಣ ನೋಡಬೇಕೋ ಅನ್ನುವ ನಿಮ್ಮ ಪ್ರಶ್ನೆ ಅಲ್ಲಿಯವರೆಗೂ ಹೋಗಿದೆ, ಮೇಷ್ಟ್ರೇ! ನಾನು ಅಲಿಟೊ ಕಡೆ. ಒಬ್ಬನ ಗುಣ ತೋರಿಸಿ ಇನ್ನೊಬ್ಬನನ್ನು ಅಳೆಯುವುದು ತಪ್ಪು ಅಳತೆಗೋಲು. ನಿಮ್ಮ ಕಬಡ್ಡಿ ಹುಡುಗನನ್ನು ತಂದು ಆ ಟೋಪಿ ಹುಡುಗನ ತಲೆ ಮೇಲೆ ಬಡಿದದ್ದೂ ಹಾಗೇ. ಬೇಸರ ಮಾಡಿಕೊಳ್ಳಬೇಡಿ.

ಮೂರನೆಯದು ನಿಮ್ಮ ಕಡೆಗೇ ಬಲ ಕೊಡುತ್ತದೆ. 2006ರಲ್ಲಿ ವಾರಿಕ್ ನೆರವಿನಿಂದ ಜಾರ್ಜಿಯಾದ ಗೇನ್ಸ್‌ವಿಲ್‌ನಲ್ಲಿ ಒಬ್ಬ ತಾಯಿ ಮನೆ ಸೇರಿದಳು. ಅವಳ ಮಗನಿಗೆ ಆಗ ಹನ್ನೊಂದು ವರ್ಷ. ಹೆಸರು ಡಿಶಾನ್ ವಾಟ್ಸನ್. ಅವನೂ ಫುಟ್‌ಬಾಲ್ ಹುಡುಗನಾದ. ಕ್ಲೆಮ್‌ಸನ್ ಯೂನಿವರ್ಸಿಟಿ ಆರಿಸಿಕೊಂಡ, 2017ರ ಜನವರಿಯಲ್ಲಿ ಅವರನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದ. ವೃತ್ತಿಪರನಾಗಿ ಹ್ಯೂಸ್ಟನ್ ತಂಡ ಸೇರಿದ ವರ್ಷವೇ ಆ ಊರಿಗೆ ಹಾರ್ವೆ ಚಂಡಮಾರುತ ಬಡಿದಾಗ ತನ್ನ ಮೊದಲ ಪಂದ್ಯದ ಸಂಬಳವನ್ನು ತಂಡದ ಕ್ಯಾಂಟೀನಿನ ಮೂವರು ಹೆಂಗಸರಿಗೆ ಹಂಚಿಬಿಟ್ಟ. ಎಲ್ಲರೂ ಹಾಡಿ ಹೊಗಳಿದರು. ಕೆಲವೇ ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಅವನ ಮೇಲೆ ಲೈಂಗಿಕ ದುರ್ವರ್ತನೆಯ ದಾವೆ ಹೂಡಿದರು. ಅವನು ಅಲ್ಲಗಳೆದ, ಕ್ರಿಮಿನಲ್ ಆರೋಪ ದಾಖಲಾಗಲಿಲ್ಲ. ಆದರೂ 2022ರಲ್ಲಿ ಲೀಗ್ ಅವನಿಗೆ 11 ಪಂದ್ಯದ ನಿಷೇಧ, 50 ಲಕ್ಷ ಡಾಲರ್ ದಂಡ ಹಾಕಿತು. ಮನೆಯವರ ಮೇಲೆ ಪ್ರೀತಿ ಇದೆ, ಬಡವರಿಗೆ ಕೊಟ್ಟ ಅಂದ ಮಾತ್ರಕ್ಕೆ ಇಡೀ ಮನುಷ್ಯನಿಗೆ ಸರ್ಟಿಫಿಕೇಟ್ ಕೊಟ್ಟಂತಲ್ಲ. ಹದಿನೇಳರ ಹುಡುಗನಿಗಂತೂ ಯಾರೂ ಕೊಡಲಾರರು.

ಹಾಗಾದರೆ ನಾನು ಗುಣ ಯಾಕೆ ನೋಡುತ್ತೇನೆ? ಆಟವನ್ನು ಒಂದು ಸಂಜೆ ನೋಡಿ ಹೇಳಬಹುದು. ಗುಣಕ್ಕೆ ತುಂಬ ವರ್ಷ ಬೇಕು. ವಾರಿಕ್ ಸಹಿ ಹಾಕಿದ ದಿನ ಅವನು ಬರೀ ಪಾಪದ ಹುಡುಗ. ಮೆಚ್ಚಬೇಕಾದ ಕೆಲಸಗಳೆಲ್ಲ ಆಮೇಲಿನವು. ಟಿವಿಯಲ್ಲಿ ಅತ್ತ ಆ ಹುಡುಗನನ್ನೂ ಸದ್ಯಕ್ಕೆ ಹೊಗಳುವುದೂ ಬೇಡ, ಆಡಿಕೊಳ್ಳುವುದೂ ಬೇಡ. ಅಮ್ಮನ ಪಕ್ಕ ಅತ್ತದ್ದು ನಾಟಕವೇ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇನ್ನು ನಿಮ್ಮ ಕಬಡ್ಡಿ ಹುಡುಗ. ಆರು ಪುಟದಲ್ಲಿ ಅವನಿಗೆ ನೀವು ಕೊಟ್ಟದ್ದು ಬರೀ ಹನ್ನೊಂದು ಸಾಲು, ಎಣಿಸಿದ್ದೇನೆ. ಆ ಇಬ್ಬರು ತಂಗಿಯರು ಏನಾದರು? ಓದಿದರಾ? ಅವನು ಕಾಯಿ ಸುಲಿಯುವ ಕೆಲಸದಲ್ಲೇ ಇದ್ದಾನಾ, ಕೊಬ್ಬರಿ ವ್ಯಾಪಾರಕ್ಕೆ ಇಳಿದನಾ? ಈಗಲೂ ಕಬಡ್ಡಿ ನೋಡುತ್ತಾನಾ, ಇಲ್ಲ ಮೈದಾನದ ಕಡೆಗೇ ಬರುವುದಿಲ್ಲವಾ? ಆ ಹಾಸ್ಟೆಲ್ ಕಾಗದ ಯಾರ ಹತ್ತಿರ ಇದೆ? ಅವನನ್ನು ಕೇಳಿ, ಅವನು ಒಪ್ಪಿದರೆ ಮಾತ್ರ ಬರೆದು ಕಳಿಸಿ. ಮುಂದಿನ ತಿಂಗಳ ಸಂಚಿಕೆ 12ನೇ ತಾರೀಕಿಗೆ ಅಚ್ಚಿಗೆ ಹೋಗುತ್ತದೆ. ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ. ಅವನಿಗೆ ಇಷ್ಟವಿದ್ದರೆ ಫೋಟೋ ಕೂಡ.

ನಿಮ್ಮವ,
ಸಂಪಾದಕ