ಕೌನ್ಸೆಲಿಂಗ್ ಶುರುವಾಯ್ತು, ಮಾತ್ರೆ ಬಿಡ್ಲಾ ಡಾಕ್ಟ್ರೇ?

ಪ್ರಶ್ನೆ: ನಂಗೆ 34, ಮಂಡ್ಯದವನು. ಬಸ್ ಹತ್ತಿದ್ರೆ ಎದೆ ಹೊಡ್ಕೊಳ್ಳತ್ತೆ, ಯಾವ್ದರಲ್ಲೂ ಆಸಕ್ತಿ ಇಲ್ಲ. ಎಸ್ಸಿಟಾಲೋಪ್ರಾಮ್ (ಖಿನ್ನತೆ, ಆತಂಕಕ್ಕೆ ಕೊಡೋ ಮಾತ್ರೆ) 10 ಎಂಜಿ ಶುರು ಮಾಡಿ 5 ವಾರ ಆಯ್ತು, ಮೈಸೂರಲ್ಲಿ ಕೌನ್ಸೆಲಿಂಗಿಗೂ ಹೋಗ್ತಿದೀನಿ. ಈಗ ಪರವಾಗಿಲ್ಲ. ಮೆಡಿಕಲ್ ಶಾಪಿನವ್ರು ಅಭ್ಯಾಸ ಆಗೋಗತ್ತೆ ಬಿಡಿ ಅಂತಾರೆ. ಬಿಡ್ಲಾ?

ಬಿಡ್ಬೇಡಿ. ಈ ಔಷಧ ಹಿಡಿಯೋಕೇ 2ರಿಂದ 6 ವಾರ ಬೇಕು, ನೀವು ಅದು ಹಿಡಿಯೋ ಹೊತ್ತಿಗೆ ಸರಿಯಾಗಿ ಬಿಡ್ತೀನಿ ಅಂತಿದೀರ, ಎಲ್ರೂ ಹಿಂಗೇ ಮಾಡೋದು. ಪೂರ್ತಿ ಸುಧಾರಿಸಿದ ಮೇಲೂ ಕನಿಷ್ಠ 6ರಿಂದ 9 ತಿಂಗಳು ಮುಂದುವರಿಸ್ಬೇಕು, ಆಮೇಲೂ ಡೋಸ್ ಇಳಿಸೋದು ನಿಮ್ಮ ಡಾಕ್ಟ್ರು, ನಿಧಾನಕ್ಕೆ. ದಿಢೀರ್ ಬಿಟ್ರೆ ತಲೆಸುತ್ತು, ಸಿಡುಕು, ಕೆಲವರಿಗೆ ತಲೆಯೊಳಗೆ ಕರೆಂಟ್ ಹೊಡೆದಂಗಾಗತ್ತೆ. ಇದನ್ನೇ ಜನ ಚಟ ಅಂದ್ಕೊಳ್ಳೋದು. ಚಟ ಆದ್ರೆ ಮಾತ್ರೆಗೆ ಹಾತೊರೀಬೇಕು, ಡೋಸ್ ಏರಿಸ್ತಾ ಹೋಗ್ಬೇಕು, ಇದರಲ್ಲಿ ಅದಿಲ್ಲ. ನಿಜವಾಗ್ಲೂ ಅಭ್ಯಾಸ ಆಗೋದು ಆಲ್ಪ್ರಜೋಲಾಮ್ ಅನ್ನೋ, ಹೆದರಿಕೆನ ಬೇಗ ಇಳಿಸೋ ಮಾತ್ರೆ, ಅದನ್ನ ಹಳೇ ಚೀಟಿ ಹಿಡ್ಕೊಂಡು ಹೋದ್ರೂ ಕೆಲವು ಅಂಗಡೀಲಿ ಕೊಟ್ಬಿಡ್ತಾರೆ, ಆಗ ಈ ಉಪದೇಶ ಎಲ್ಲಿ ಹೋಗಿರತ್ತೋ.

ಇನ್ನು ಕೌನ್ಸೆಲಿಂಗು. ಥೆರಪಿಸ್ಟ್ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋ ಮಾತಿನ ಚಿಕಿತ್ಸೆ) ಮಾಡ್ತಿದ್ರೆ ಹೋಮ್‌ವರ್ಕ್ ಕೊಟ್ಟಿರ್ತಾರೆ: ಇವತ್ತು ಬಸ್‌ಸ್ಟ್ಯಾಂಡಲ್ಲಿ ನಿಂತಿದ್ದು ಬನ್ನಿ, ನಾಳೆ ಶ್ರೀರಂಗಪಟ್ಟಣದವರೆಗೆ ಹೋಗಿ, ಎದೆ ಹೊಡ್ಕೊಂಡ್ರೂ ಮಧ್ಯ ಇಳೀಬೇಡಿ. ಹೊಡ್ಕೊಂಡು ಹೊಡ್ಕೊಂಡು ಅದು ತಾನಾಗೇ ತಣ್ಣಗಾಗತ್ತೆ, ಏನೂ ಆಗಲ್ಲ ಅನ್ನೋದು ಮೈಗೆ ಗೊತ್ತಾಗ್ಬೇಕು. ಮಾತ್ರೆ ಹೆದರಿಕೆನ ಸೀಟಲ್ಲಿ ಕೂರೋ ಮಟ್ಟಕ್ಕೆ ಇಳಿಸತ್ತೆ ಅಷ್ಟೇ, ಕೂತು ಕಲಿಯೋದು ನೀವು. ಅದಕ್ಕೇ ಎರಡೂ ಒಟ್ಟಿಗೆ ಕೊಡೋದು. ಬಸ್ ಹತ್ತೋ ಮುಂಚೆ ಆಲ್ಪ್ರಜೋಲಾಮ್ ನುಂಗಿದ್ರೋ, "ಮಾತ್ರೆ ಇತ್ತು, ಬಚಾವಾದೆ" ಅಂತ ಮನಸ್ಸು ಬರ್ಕೊಳ್ಳತ್ತೆ, ಪ್ರಯಾಣ ದಂಡ.

ಮೊದಲ ವಾರ ವಾಕರಿಕೆ, ಚಡಪಡಿಕೆ ಜಾಸ್ತಿ ಆಯ್ತು ಅಂದೋರಿಗೆ: ಸಾಮಾನ್ಯ, ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಇಳಿಯತ್ತೆ. ಆದ್ರೆ 25ರ ಒಳಗಿನೋರಿಗೆ ಶುರುವಿನ ವಾರಗಳಲ್ಲಿ ಸಾಯೋ ಯೋಚನೆ ಹೆಚ್ಚಾಗೋ ಸಾಧ್ಯತೆ ಇದೆ, ಈ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲನೇ. ಮನೆಯವ್ರು ಕಣ್ಣಿಟ್ಟಿರಿ, ಅಂಥ ಮಾತು ಬಂದ್ರೆ ಅವತ್ತೇ ಕರ್ಕೊಂಡು ಬನ್ನಿ, ಅಪರಾತ್ರಿ ಆಗಿದ್ರೆ ಎಮರ್ಜೆನ್ಸಿಗೆ ಹೋಗಿ, ಮಾತಾಡೋಕೆ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416 ಇದೆ.

ಬರೀ ಕೌನ್ಸೆಲಿಂಗ್ ಸಾಲಲ್ವಾ? ಸೌಮ್ಯವಾಗಿದ್ರೆ ಸಾಕು. ಊಟ ನಿದ್ದೆ ಬಿಟ್ಟು ಹಾಸಿಗೆ ಹಿಡಿದೋರಿಗೆ ಸಾಲಲ್ಲ.

ಅಕ್ಕನ ಮಾತ್ರೆ ನಾನು ತಗೋಬಹುದಾ? ಬೇಡ.

ಮಾತ್ರೆ ಜೊತೆ ಎರಡೇ ಪೆಗ್? ಇಲ್ಲ. ಬೀಗರೂಟ ಇದ್ರೂ ಇಲ್ಲ.

ಪುಡಿ ಕೊಡೋರೊಬ್ರು ಇಂಗ್ಲಿಷ್ ಮಾತ್ರೆ ಪೂರ್ತಿ ಬಿಟ್ರೇನೇ ಗುಣ ಅಂತಾರೆ? ಪುಡೀಲಿ ಏನೇನಿದೆ ಅಂತ ಬರೆದು ಸಹಿ ಹಾಕಿ ಕೊಡೋಕೆ ಹೇಳಿ, ಆ ಚೀಟಿ ತಗೊಂಡು ಬನ್ನಿ, ನೋಡೋಣ.