ಇಡೀ ತರಗತಿ ನಗುವಾಗ: ಹೊಳಲ್ಕೆರೆಯ ಶಿಕ್ಷಕರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಶಾಲೆಗಳಲ್ಲಿ ಮಕ್ಕಳ ಸಾಮಾಜಿಕ ನಡವಳಿಕೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಹೊಳಲ್ಕೆರೆ ತಾಲ್ಲೂಕಿನ ಪ್ರೌಢಶಾಲೆಯಿಂದ ನೀವು ಬರೆದ ಪತ್ರ ತಲುಪಿದೆ. ಪತ್ರ ದೀರ್ಘವಾಗಿರುವುದರಿಂದ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ನಿಮ್ಮ ಒಂಬತ್ತನೇ ತರಗತಿಯ ಒಬ್ಬ ಹುಡುಗನನ್ನು ಉಳಿದವರು ಅವನ ತಂದೆಯ ಕಸುಬಿನ ಹೆಸರು ಹಿಡಿದು ಕರೆಯುತ್ತಾರೆ. ಕರೆಯುವವರು ನಾಲ್ಕೈದು ಮಂದಿ, ನಗುವುದು ಮಾತ್ರ ಇಡೀ ತರಗತಿ. ನೀವು ಗದರಿದ್ದೀರಿ, ಬೆಂಚಿನ ಮೇಲೆ ನಿಲ್ಲಿಸಿದ್ದೀರಿ, ಪ್ರಾರ್ಥನೆಯ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರಿಂದ ಬುದ್ಧಿ ಹೇಳಿಸಿದ್ದೀರಿ, ಗೋಡೆಯ ಮೇಲೆ ಸೂಚನೆ ಬರೆಸಿದ್ದೀರಿ, ಯಾವುದೂ ನಾಟಲಿಲ್ಲ. ಅಮೆರಿಕದ ಶಾಲೆಗಳಲ್ಲಿ ನಡೆದ ಸಂಶೋಧನೆಯಿಂದ ನಮ್ಮ ಹಳ್ಳಿಶಾಲೆಗೇನು ಉಪಯೋಗ, ಮಕ್ಕಳು ಇದನ್ನೆಲ್ಲ ಮನೆಯಿಂದಲೇ ಕಲಿತು ಬರುವಾಗ ಶಿಕ್ಷಕನಾದವನು ಏನು ತಾನೇ ಮಾಡಬಲ್ಲ ಎಂದು ಕೇಳಿದ್ದೀರಿ.

ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ನೀವು ಬರೆದು ಹಾಗೆಯೇ ಮುಂದೆ ಸಾಗಿದ ಒಂದು ವಾಕ್ಯದ ಬಳಿ ನಾನು ತಡೆದು ನಿಂತೆ. ಈ ಅಡ್ಡಹೆಸರು ಶುರುವಾದದ್ದು ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿದ ವಾರದಲ್ಲಿ ಎಂದಿದ್ದೀರಿ. ಆ ವಾರ ಏನು ನಡೆದಿರಬಹುದೆಂದು ಊಹಿಸುವುದು ಕಷ್ಟವಲ್ಲ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಶಾಲೆಗಳಲ್ಲಿ ನಾನದನ್ನು ಕಣ್ಣಾರೆ ಕಂಡಿದ್ದೇನೆ. ಪಾಠದ ನಡುವೆ ಹಾಜರಿ ಪುಸ್ತಕ ಹಿಡಿದು ಬಂದವರು ಬಾಗಿಲಲ್ಲೇ ನಿಂತು, ಇಂತಿಂಥ ವರ್ಗದ ಮಕ್ಕಳು ಎದ್ದು ನಿಲ್ಲಿ ಎನ್ನುತ್ತಾರೆ. ನಾಡಕಚೇರಿಯ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಬೇಕು, ಇಲ್ಲದವರು ಯಾಕಿಲ್ಲವೆಂದು ಹೇಳಬೇಕು. ಒಬ್ಬ ಹುಡುಗ ತನ್ನ ಸರದಿ ಬಂದಾಗ ಚೀಲದೊಳಗೆ ಕೈಹಾಕಿ ಏನನ್ನೋ ಹುಡುಕುತ್ತ ಎಷ್ಟೋ ಹೊತ್ತು ತಲೆ ಎತ್ತದೆ ನಿಂತಿದ್ದ. ಕಾಗದ ಅವನ ಮುಂದೆಯೇ ಬೆಂಚಿನ ಮೇಲಿತ್ತು. ಕರೆದವರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಪೋರ್ಟಲ್‌ಗೆ ಮಾಹಿತಿ ತುಂಬುವ ಕೊನೆಯ ದಿನಾಂಕ ಹತ್ತಿರವಾಗಿತ್ತು, ಅಷ್ಟೇ. ಆದರೆ ತರಗತಿಯಲ್ಲಿ ಯಾರು ಯಾರಿಗಿಂತ ಬೇರೆ ಎಂಬುದನ್ನು ಅಲ್ಲಿಯವರೆಗೆ ಯೋಚಿಸದಿದ್ದ ಮಕ್ಕಳಿಗೂ ಶಾಲೆಯೇ ಅದನ್ನು ಎಲ್ಲರೆದುರು ತೋರಿಸಿಕೊಟ್ಟಂತಾಯಿತು.

ಇದರ ಪರಿಣಾಮವನ್ನು ಅಳೆದು ತೋರಿಸಿದ ಅಧ್ಯಯನ ನಮ್ಮ ದೇಶದಲ್ಲೇ ನಡೆದಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಗ್ರಾಮೀಣ ಪ್ರದೇಶದಲ್ಲಿ ಆರು ಮತ್ತು ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಮೇಲ್ಜಾತಿಗಳ 321 ಹುಡುಗರು, ದಲಿತ ಸಮುದಾಯಗಳ 321 ಹುಡುಗರು ಇದರಲ್ಲಿ ಭಾಗವಹಿಸಿದ್ದರು. ಯಾರ ಜಾತಿಯನ್ನೂ ಹೇಳದೆ ಆರಾರು ಮಂದಿಯನ್ನು ಕೂರಿಸಿದಾಗ ಎರಡೂ ಗುಂಪಿನವರು ಬಿಡಿಸಿದ ಒಗಟುಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಮತ್ತೆ ಕೆಲವು ತಂಡಗಳಲ್ಲಿ, ಒಗಟು ಕೊಡುವ ಮೊದಲು ಪ್ರತಿಯೊಬ್ಬನ ಹೆಸರು, ಊರು, ತಂದೆಯ ಹೆಸರು, ಅಜ್ಜನ ಹೆಸರು ಮತ್ತು ಜಾತಿಯನ್ನು ಎಲ್ಲರೆದುರು ಓದಿ, ಹೌದೆಂದು ತಲೆಯಾಡಿಸುವಂತೆ ಕೇಳಲಾಯಿತು. ಬೇರೆ ಯಾವ ಮಾತೂ ಆಡಲಿಲ್ಲ, ಯಾರೂ ಹೀಯಾಳಿಸಲಿಲ್ಲ. ಅಷ್ಟಕ್ಕೇ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಕುಸಿಯಿತು. 2006ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಸಂಶೋಧಕರು ಪ್ರಯೋಗಕ್ಕೆಂದು ಹೂಡಿದ ಸನ್ನಿವೇಶವನ್ನು ನಮ್ಮ ಶಾಲೆಗಳು ಪ್ರತಿವರ್ಷ ಯಾವ ಪ್ರಯೋಗವೂ ಇಲ್ಲದೆ ನಡೆಸುತ್ತಿವೆ.

ಆದ್ದರಿಂದ ಮನೆಯಿಂದ ಕಲಿತು ಬರುತ್ತಾರೆ ಎಂಬ ನಿಮ್ಮ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಆ ಮಾತು ಮಗುವಿನ ಕಿವಿಗೆ ಮನೆಯಲ್ಲಿ, ಊರ ಕಟ್ಟೆಯಲ್ಲಿ ಬಿದ್ದಿರಬಹುದು. ಅದನ್ನು ತರಗತಿಯಲ್ಲಿ ಆಡಿದರೆ ನಡೆಯುತ್ತದೆ, ಉಳಿದವರು ನಗುತ್ತಾರೆ ಎಂಬ ತಿಳಿವಳಿಕೆ ಮಾತ್ರ ತರಗತಿಯಲ್ಲೇ ಹುಟ್ಟುವಂಥದ್ದು. ಈ ಕ್ಷೇತ್ರದ ಸಂಶೋಧಕರು ರೂಢಿ ಎಂದು ಕರೆಯುವುದು ಈ ತಿಳಿವಳಿಕೆಯನ್ನು: ನನ್ನ ಸುತ್ತಲಿನವರು ಏನು ಮಾಡುತ್ತಾರೆ, ನಾನೇನು ಮಾಡಿದರೆ ಅವರು ಮೆಚ್ಚುತ್ತಾರೆ ಎಂಬ ಅಂದಾಜು. ಮಕ್ಕಳ ಎಲ್ಲ ನಡವಳಿಕೆಯೂ ಇದರಿಂದಲೇ ಹುಟ್ಟುವುದಿಲ್ಲ. ಚಳ್ಳಕೆರೆಯ ಕಡೆ ಶೇಂಗಾ ಕೀಳುವ ಕಾಲಕ್ಕೆ ಹಾಜರಿ ಕಡಿಮೆಯಾದರೆ, ಬೆಳಗಿನ ಬಸ್ಸು ತಪ್ಪಿ ಮಕ್ಕಳು ಪ್ರಾರ್ಥನೆಗೆ ತಡವಾಗಿ ಬಂದರೆ, ಅಲ್ಲಿ ರೂಢಿಯನ್ನು ಹುಡುಕುವುದು ವ್ಯರ್ಥ. ನಿಮ್ಮ ತರಗತಿಯ ನಗು ಅಂಥದ್ದಲ್ಲ.

ಆ ಅಂದಾಜು ಅನೇಕ ಸಲ ತಪ್ಪಾಗಿರುತ್ತದೆ ಎಂಬುದೇ ಈ ಸಂಶೋಧನೆಗಳಲ್ಲಿ ಭರವಸೆ ಕೊಡುವ ಅಂಶ. ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆವರಣದ ಕುಡಿತದ ಬಗ್ಗೆ ವಿದ್ಯಾರ್ಥಿಗಳಿಗೆ ಒಳಗೊಳಗೇ ಅಸಮಾಧಾನವಿತ್ತು. ಆದರೆ ಉಳಿದವರಿಗೆ ಅದು ಒಪ್ಪಿಗೆಯೇ ಎಂದು ಅವರು ಭಾವಿಸಿದ್ದರು. ನಿಮ್ಮ ತರಗತಿಯಲ್ಲಿ ನಗುವ ಮಕ್ಕಳಲ್ಲಿ ಎಷ್ಟು ಜನರಿಗೆ ಆ ಹೆಸರು ನಿಜವಾಗಿ ತಮಾಷೆಯೆನಿಸುತ್ತದೆ? ಪಕ್ಕದವನು ನಗುವುದರಿಂದ ತಾನೂ ನಗುವವರು ಎಷ್ಟು ಮಂದಿ? ಹೆಸರು ಬರೆಯದ ಚೀಟಿಯಲ್ಲಿ ಕೇಳಿ ನೋಡಿ. ಪ್ರಶ್ನೆಯಲ್ಲಿ ಆ ಹುಡುಗನ ಸುಳಿವು ಬರದಿರಲಿ. ತರಗತಿಯಲ್ಲಿ ಒಬ್ಬರನ್ನು ಅಡ್ಡಹೆಸರಿಟ್ಟು ಕರೆದಾಗ ನಿನಗೆ ಏನೆನಿಸುತ್ತದೆ ಎಂದಷ್ಟೇ ಇರಲಿ. ಬಹುಪಾಲು ಮಕ್ಕಳು ಬೇಸರವೆಂದು ಬರೆದರೆ, ಅದನ್ನು ಅವರಿಗೇ ಓದಿ ಹೇಳುವುದು ನೀವು ಈವರೆಗೆ ಹೇಳಿದ ಬುದ್ಧಿಮಾತುಗಳಿಗಿಂತ ಹೆಚ್ಚು ಕೆಲಸ ಮಾಡೀತು. ಹಾಗೆ ಬರೆಯದಿದ್ದರೆ ಆ ಫಲಿತಾಂಶವನ್ನು ಮಾತ್ರ ಓದಬೇಡಿ; ಎಲ್ಲರೂ ಹೀಗೆಯೇ ಎಂದು ಸಾರುವುದು ಹೀಗೆಯೇ ಇರಿ ಎಂದು ಹೇಳಿದಂತಾಗುತ್ತದೆ. ಗೋಡೆಯ ಮೇಲೆ ನೀವು ಬರೆಸಿದ ಸೂಚನೆಯ ಬಗ್ಗೆಯೂ ನನಗೆ ಇದೇ ಆತಂಕ. ಅಡ್ಡಹೆಸರು ಕರೆಯುವವರು ಹೆಚ್ಚುತ್ತಿದ್ದಾರೆ ಎಂಬ ಅದರ ಮೊದಲ ಸಾಲನ್ನು ದಯವಿಟ್ಟು ಅಳಿಸಿಬಿಡಿ.

ನೀವು ಆಕ್ಷೇಪಿಸಿದ ಅಮೆರಿಕದ ಅಧ್ಯಯನ ಇರುವುದು ನ್ಯೂಜೆರ್ಸಿ ರಾಜ್ಯದ 56 ಶಾಲೆಗಳಲ್ಲಿ, 24,191 ವಿದ್ಯಾರ್ಥಿಗಳ ನಡುವೆ. ಎಲಿಜಬೆತ್ ಲೆವಿ ಪಾಲಕ್ ಮತ್ತು ಅವರ ಸಹೋದ್ಯೋಗಿಗಳು 2012-13ರ ಶೈಕ್ಷಣಿಕ ವರ್ಷದಲ್ಲಿ ಇದನ್ನು ನಡೆಸಿದರು. ಇತ್ತೀಚಿನ ವಾರಗಳಲ್ಲಿ ನೀನು ಯಾರ ಜೊತೆ ಹೆಚ್ಚು ಸಮಯ ಕಳೆದೆ ಎಂದು ಪ್ರತಿ ಮಗುವನ್ನೂ ಕೇಳಿ, ಯಾರ ಹೆಸರು ಹೆಚ್ಚು ಬಂತೆಂದು ಎಣಿಸಿದರು. ಬಳಿಕ ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳ ಒಂದು ಸಣ್ಣ ತಂಡವನ್ನು ಚೀಟಿ ಎತ್ತಿದಂತೆ ಆರಿಸಿ, ಜಗಳ ಮತ್ತು ಪೀಡನೆಯ ವಿರುದ್ಧ ಏನು ಮಾಡಬೇಕೆಂಬುದನ್ನು ಅವರಿಗೇ ಬಿಟ್ಟರು. ಭಿತ್ತಿಪತ್ರದ ಮಾತನ್ನು ಮಕ್ಕಳೇ ಬರೆದರು; ಜಗಳ ಬಿಡಿಸಿದ, ನೊಂದವರ ಪರ ನಿಂತ ಸಹಪಾಠಿಗೆ ಕಿತ್ತಳೆ ಬಣ್ಣದ ಕೈಪಟ್ಟಿ ಕೊಟ್ಟರು. ಆ ಶಾಲೆಗಳಲ್ಲಿ ಜಗಳಗಳಿಗಾಗಿ ದಾಖಲಾಗುವ ಶಿಸ್ತು ಪ್ರಕರಣಗಳು, ಉಳಿದ ಶಾಲೆಗಳಿಗೆ ಹೋಲಿಸಿದರೆ, ಸುಮಾರು ಶೇ 30ರಷ್ಟು ಕಡಿಮೆಯಾದವು. ಉಳಿದವರು ಹೆಚ್ಚಾಗಿ ಹೆಸರಿಸಿದ ಮಕ್ಕಳು ತಂಡದಲ್ಲಿ ಎಷ್ಟು ಹೆಚ್ಚಿದ್ದರೋ ಪರಿಣಾಮವೂ ಅಷ್ಟು ಹೆಚ್ಚಾಗಿತ್ತು.

ಶೇ 30 ಎಂದರೆ ಪೂರ್ತಿ ನಿಂತುಹೋಯಿತೆಂದಲ್ಲ. ಆದರೂ ನಮ್ಮಲ್ಲಿ ಕ್ಲಾಸ್ ಲೀಡರನ್ನು ಆರಿಸುವ ಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂಕ ಹೆಚ್ಚು ಬಂದವರನ್ನೋ, ನಮ್ಮ ಮಾತು ಮೀರದವರನ್ನೋ ನಾವು ಆರಿಸಿ, ಗಲಾಟೆ ಮಾಡಿದವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುವ ಕೆಲಸ ಕೊಡುತ್ತೇವೆ. ಆ ಮಗುವಿನ ಕಡೆಗೆ ಉಳಿದವರು ತಿರುಗಿಯೂ ನೋಡುವುದಿಲ್ಲ. ಅವರು ನೋಡುವುದು ಕಬಡ್ಡಿ ಚೆನ್ನಾಗಿ ಆಡುವವನನ್ನು, ಬಿಸಿಯೂಟದ ಸಾಲಿನಲ್ಲಿ ಎಲ್ಲರನ್ನೂ ಮಾತನಾಡಿಸುವ ಹುಡುಗಿಯನ್ನು, ಬಹುಶಃ ನೀವು ಬೆಂಚಿನ ಮೇಲೆ ನಿಲ್ಲಿಸಿದವರಲ್ಲೇ ಒಬ್ಬನನ್ನು. ಅವರು ಯಾರೆಂದು ಚೀಟಿಯಲ್ಲಿ ಕೇಳಿ ತಿಳಿದುಕೊಳ್ಳಿ, ಉತ್ತರಗಳನ್ನು ಗುಟ್ಟಾಗಿಡಿ, ಆ ಮಕ್ಕಳನ್ನು ಕರೆದು ಉಪದೇಶ ಮಾಡದೆ ಅವರಿಂದಲೇ ಕೇಳಿ. ಬೆಂಚಿನ ಮೇಲೆ ನಿಲ್ಲಿಸುವುದನ್ನು ನಿಲ್ಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದು ಇನ್ನೊಂದು ಅವಮಾನ, ಜೊತೆಗೆ ಎಲ್ಲರೂ ನೋಡುವಂತೆ ಎತ್ತರದಲ್ಲಿ ನಡೆಯುವಂಥದ್ದು.

ಮನೆಯ ಪ್ರಭಾವವನ್ನು ಶಾಲೆ ಒಂದಿಷ್ಟು ಬದಲಿಸಬಲ್ಲದೆಂಬುದಕ್ಕೆ ಹರಿಯಾಣದ 314 ಸರ್ಕಾರಿ ಶಾಲೆಗಳ ಅಧ್ಯಯನವಿದೆ. ದಿವಾ ಧರ್, ತರುಣ್ ಜೈನ್ ಮತ್ತು ಸೀಮಾ ಜಯಚಂದ್ರನ್ 2022ರಲ್ಲಿ ಅದನ್ನು ಪ್ರಕಟಿಸಿದರು. ಗಂಡು ಹೆಣ್ಣಿನ ಸಮಾನತೆಯ ಬಗ್ಗೆ ಎರಡೂವರೆ ವರ್ಷ ತರಗತಿಯಲ್ಲೇ ಚರ್ಚೆ ನಡೆಸಿದ ಶಾಲೆಗಳಲ್ಲಿ ಮಕ್ಕಳ ಧೋರಣೆ ಬದಲಾಯಿತು, ಬದಲಾವಣೆ ಮುಂದೆಯೂ ಉಳಿಯಿತು. ಬೇಕಾದದ್ದು ಎರಡೂವರೆ ವರ್ಷ ಎಂಬುದನ್ನು ಗಮನಿಸಿ. ಒಂದು ದಿನದ ಪ್ರಾರ್ಥನೆಯ ಭಾಷಣದಿಂದ ನಾವು ಅಷ್ಟನ್ನು ನಿರೀಕ್ಷಿಸಬಾರದು.

ವಿದ್ಯಾರ್ಥಿವೇತನದ ವಿಷಯದಲ್ಲಿ ನನ್ನ ಸಲಹೆ ಸರಳವಾದದ್ದು. ಜಾತಿ ಪ್ರಮಾಣಪತ್ರದ ವಿವರವನ್ನು ತರಗತಿಯಲ್ಲಿ ಕೇಳಲೇಬೇಡಿ. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಮುಂತಾದ ದಾಖಲೆಗಳಿಗಾಗಿ ಹೇಗೂ ಎಲ್ಲ ಮಕ್ಕಳನ್ನೂ ಕರೆಯಬೇಕಾಗುತ್ತದೆ; ಹಾಜರಿ ಕ್ರಮದಲ್ಲೇ ಒಬ್ಬೊಬ್ಬರನ್ನಾಗಿ ಸಿಬ್ಬಂದಿ ಕೊಠಡಿಗೆ ಕರೆಸಿ ಎಲ್ಲವನ್ನೂ ಅಲ್ಲಿಯೇ ಪಡೆದುಕೊಳ್ಳಿ. ಮುಖ್ಯೋಪಾಧ್ಯಾಯರಿಗೆ ಇದನ್ನು ಶಾಲೆಯ ನಿಯಮವನ್ನಾಗಿಯೇ ಮಾಡುವಂತೆ ಹೇಳಿ, ಏಕೆಂದರೆ ನೀವು ವರ್ಗವಾಗಿ ಹೋದ ಮೇಲೂ ಮಕ್ಕಳು ಅಲ್ಲಿಯೇ ಇರುತ್ತಾರೆ.

ಆ ಹುಡುಗನನ್ನು ಬಿ ಸೆಕ್ಷನ್‌ಗೆ ಹಾಕಿದರೆ ಹೇಗೆ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅವನಾಗಿಯೇ ಕೇಳದ ಹೊರತು ಹಾಕಬೇಡಿ. ತೊಂದರೆಗೆ ಕಾರಣ ಅವನೇ ಎಂದು ಎರಡೂ ಸೆಕ್ಷನ್‌ಗಳು ತಿಳಿಯುತ್ತವೆ. ಬದಲಿಗೆ ಎಲ್ಲರ ಜಾಗವನ್ನೂ ಬದಲಿಸಿ. ದೆಹಲಿಯಲ್ಲಿ 2007ರ ನಂತರ ಅನುಕೂಲಸ್ಥರ ಖಾಸಗಿ ಶಾಲೆಗಳು ಬಡಮಕ್ಕಳಿಗೂ ಸೀಟು ಕೊಡಬೇಕಾಗಿ ಬಂದಾಗ ಆದದ್ದನ್ನು ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಧ್ಯಯನ ಮಾಡಿದ್ದಾರೆ. ಬಡಮಕ್ಕಳ ಜೊತೆ ಓದಿದ ಶ್ರೀಮಂತರ ಮಕ್ಕಳಲ್ಲಿ ಔದಾರ್ಯ ಹೆಚ್ಚಿತು, ಭೇದ ಮಾಡುವುದು ಕಡಿಮೆಯಾಯಿತು. ಕೆಲವು ಶಾಲೆಗಳಲ್ಲಿ ಹೆಸರಿನ ಅಕ್ಷರ ಕ್ರಮದಲ್ಲಿ ಓದುವ ಗುಂಪುಗಳನ್ನು ಮಾಡಿದ್ದರಿಂದ ಯಾರು ಯಾರ ಪಕ್ಕ ಬಂದರೆಂಬುದು ಆಕಸ್ಮಿಕವಾಗಿತ್ತು. ಒಂದೇ ಗುಂಪಿನಲ್ಲಿ ಕೂತು ಓದಿದ್ದೇ ಬದಲಾವಣೆಗೆ ಮುಖ್ಯ ಕಾರಣವೆಂದು ಅದರಿಂದ ತಿಳಿಯಿತು. ನೀವೂ ಅಕ್ಷರ ಕ್ರಮದಲ್ಲಿ ಐದೈದು ಮಂದಿಯ ಗುಂಪು ಮಾಡಿ, ಗಣಿತವನ್ನೋ ವಿಜ್ಞಾನದ ಚಟುವಟಿಕೆಯನ್ನೋ ಒಟ್ಟಿಗೆ ಮಾಡಲು ಕೊಡಿ, ಅರ್ಧವಾರ್ಷಿಕ ಪರೀಕ್ಷೆಯವರೆಗೆ ಗುಂಪು ಬದಲಿಸಬೇಡಿ. ಅಷ್ಟರಲ್ಲಿ ತರಗತಿಯಲ್ಲಿ ಏನಾಯಿತೆಂದು ಬರೆದು ತಿಳಿಸಿದರೆ, ಫಲಿತಾಂಶ ಹೇಗೇ ಇರಲಿ, ಶಾಲೆಯ ಮತ್ತು ಮಕ್ಕಳ ಹೆಸರಿಲ್ಲದೆ ಪ್ರಕಟಿಸುತ್ತೇವೆ.

ಸಂಪಾದಕ