ಮಲಗಿದ ಚಿಪ್ಪು, ಮಲಗದ ಬೋರ್ಡು

ಯೂಬಿಕ್ವಿಟಸ್ ಕಂಪ್ಯೂಟಿಂಗ್ (ಸುತ್ತಲಿನ ವಸ್ತುಗಳಲ್ಲೇ ಗಣಕ ಬೆರೆತಿರುವುದು) ಸಂಶೋಧನಾ ಕೋರ್ಸು ತೆಗೆದುಕೊಂಡಿರುವ ವಿದ್ಯಾರ್ಥಿಗಳಿಂದ ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಈ ಸಲ ಉತ್ತರ.

ಪ್ರಶ್ನೆ: ಐಒಟಿ (ಇಂಟರ್ನೆಟ್ ಆಫ್ ಥಿಂಗ್ಸ್) ಕೋರ್ಸು ಮುಗಿಸಿದ್ದೇನೆ. ಇದೂ ಅದೇ ಅಲ್ಲವೇ? ಹೆಸರಷ್ಟೇ ಉದ್ದವೇ?

ಸಾಮಾನು ಅದೇ, ಕೇಳುವ ಪ್ರಶ್ನೆ ಬೇರೆ. ಅಲ್ಲಿ ವಸ್ತುವನ್ನು ಜಾಲಕ್ಕೆ ಜೋಡಿಸಿ ಮಾಹಿತಿ ತರಿಸಿದರೆ ಅರ್ಧ ಕೆಲಸ ಮುಗಿದಂತೆ. ಇಲ್ಲಿ ಅದನ್ನು ಬಳಸುವವರ ಬೆನ್ನು ಹತ್ತಬೇಕು: ಈ ಸಾಧನ ಅವರ ಗಮನವನ್ನು ಎಷ್ಟು ಸಲ ಬೇಡುತ್ತದೆ, ಬೇಡದೆಯೇ ಕೆಲಸ ಮಾಡಬಲ್ಲದೇ? ಯೂಬಿಕ್ವಿಟಸ್ ಕಂಪ್ಯೂಟಿಂಗ್ ಎಂಬ ಹೆಸರು ಕೊಟ್ಟವರು ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಮಾರ್ಕ್ ವೈಸರ್, 1988ರಲ್ಲಿ. 1991ರ ಲೇಖನದಲ್ಲಿ ಅವರು ಅಂಗುಲದ ಲೆಕ್ಕದ ಟ್ಯಾಬ್, ಅಡಿ ಲೆಕ್ಕದ ಪ್ಯಾಡ್, ಗಜದ ಲೆಕ್ಕದ ಬೋರ್ಡ್ ಎಂದು ಮೂರು ಅಳತೆಯ ಗಣಕಗಳನ್ನು ವಿವರಿಸಿದರು. ಮೂರೂ ಈಗ ಬಂದಿವೆ. ಗಣಕ ಕಣ್ಣಿಗೆ ಬೀಳದಂತೆ ಹಿನ್ನೆಲೆಗೆ ಸರಿಯಬೇಕು ಎಂದಿದ್ದರಲ್ಲ, ಅದು ಇನ್ನೂ ಬಂದಿಲ್ಲ. ನಿಮ್ಮ ಫೋನೇ ಸಾಕ್ಷಿ.

ಪ್ರಶ್ನೆ: ಇಎಸ್‌ಪಿ32 (ವೈಫೈ ಇರುವ ಪುಟ್ಟ ಗಣಕ ಚಿಪ್ಪು) ಬೋರ್ಡಿಗೆ ತಾಪಮಾನದ ಸೆನ್ಸರ್ ಹಾಕಿ, 2000 ಎಂಎಎಚ್ (ಮಿಲಿ ಆಂಪಿಯರ್-ಗಂಟೆ) ಲಿಥಿಯಂ ಸೆಲ್ ಕೊಟ್ಟಿದ್ದೇವೆ. ಐದು ನಿಮಿಷಕ್ಕೊಮ್ಮೆ ಎದ್ದು ವೈಫೈನಲ್ಲಿ ಕಳಿಸುತ್ತದೆ. ಡೀಪ್ ಸ್ಲೀಪ್‌ನಲ್ಲಿ (ಚಿಪ್ಪಿನ ಗಾಢ ನಿದ್ದೆ) 10 ಮೈಕ್ರೊ ಆಂಪಿಯರ್ ಎಂದು ತಯಾರಕರ ವಿವರಪಟ್ಟಿ, ಅಂದರೆ ಡೇಟಾಶೀಟ್ ಹೇಳುತ್ತದೆ. ಎಂಟನೇ ದಿನಕ್ಕೆ ನಿಂತೇ ಹೋಯಿತು. ಕೋಡ್ ತಪ್ಪೇ?

ಕೋಡಿಗೆ ಆಮೇಲೆ ಬರೋಣ. ಮೊದಲು ಸೆಲ್ಲಿನ ವೋಲ್ಟೇಜ್ ನೋಡಿ. 3.6ರ ಮೇಲಿದ್ದರೆ ಸೆಲ್ ಖಾಲಿಯಾಗಿಲ್ಲ, ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಕೈಕೊಟ್ಟಿದೆ. ಅಗ್ಗದ ಬೋರ್ಡುಗಳ 1117 ಜಾತಿಯ ರೆಗ್ಯುಲೇಟರ್, ಪೂರ್ಣ ಹೊರೆಯಲ್ಲಿ 3.3 ವೋಲ್ಟ್ ಕೊಡಲು 4.4ರ ಆಸುಪಾಸು ಕೇಳುತ್ತದೆ. ಲಿಥಿಯಂ ಸೆಲ್ ತುಂಬಿದಾಗಲೂ 4.2 ಮಾತ್ರ. ವೈಫೈ ಏಳುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಚಿಪ್ಪು ರೀಸೆಟ್ ಆಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ಬೀಳುತ್ತದೆ.

ಸೆಲ್ ನಿಜವಾಗಿಯೂ ಖಾಲಿಯೇ? ಹಾಗಾದರೆ 2000ವನ್ನು 192 ಗಂಟೆಯಿಂದ ಭಾಗಿಸಿ: ಸರಾಸರಿ 10 ಮಿಲಿ ಆಂಪಿಯರ್. ಡೇಟಾಶೀಟಿನ ಸಾವಿರ ಪಟ್ಟು. ಡೇಟಾಶೀಟ್ ಹೇಳಿದ್ದು ಚಿಪ್ಪಿನ ಮಾತು, ನಿಮ್ಮ ಕೈಲಿರುವುದು ಬೋರ್ಡು. ಆ ರೆಗ್ಯುಲೇಟರ್ ಸುಮ್ಮನೆ ಕುಳಿತೇ 5 ಮಿಲಿಯಷ್ಟು ತಿನ್ನುತ್ತದೆ. ಪವರ್ ಎಲ್‌ಇಡಿ, ಯುಎಸ್‌ಬಿ ಚಿಪ್ಪು, ಸೆನ್ಸರ್ ಯಾವುದೂ ಮಲಗುವುದಿಲ್ಲ.

ಮಲ್ಟಿಮೀಟರನ್ನು ಸೆಲ್ಲಿನ ಸಾಲಿನಲ್ಲಿ ಸೇರಿಸಿ ಅಳೆಯಿರಿ, ಆದರೆ ಒಂದು ಎಚ್ಚರ. ಮೈಕ್ರೊ ಆಂಪಿಯರ್ ರೇಂಜಿನಲ್ಲಿ ಮೀಟರಿನ ಒಳ ಪ್ರತಿರೋಧ ಹೆಚ್ಚು. ಚಿಪ್ಪು ಎದ್ದು 200 ಮಿಲಿ ಎಳೆದ ಕೂಡಲೇ ವೋಲ್ಟೇಜೆಲ್ಲ ಮೀಟರಿನಲ್ಲೇ ಕಳೆದುಹೋಗಿ ಬೋರ್ಡು ರೀಸೆಟ್ ಆಗುತ್ತದೆ. ಮೀಟರಿನ ಎರಡು ತುದಿಗೂ ಒಂದು ತಂತಿ ಅಡ್ಡ ಹಿಡಿದು ಬೋರ್ಡು ಚಾಲೂ ಮಾಡಿ, ಮಲಗಿದ ಮೇಲೆ ತಂತಿ ತೆಗೆದು ಓದಿ, ಮತ್ತೆ ಏಳುವ ಮುನ್ನ ತಂತಿ ಹಾಕಿ.

ಪರಿಹಾರ: ಸುಮ್ಮನಿದ್ದಾಗ ಕೆಲವೇ ಮೈಕ್ರೊ ಆಂಪಿಯರ್ ಸಾಕಾಗುವ, 500 ಮಿಲಿ ಕೊಡಬಲ್ಲ, ಕಡಿಮೆ ಡ್ರಾಪೌಟಿನ (ಒಳಬರುವ, ಹೊರಹೋಗುವ ವೋಲ್ಟೇಜಿನ ನಡುವೆ ಸಣ್ಣ ಅಂತರ ಸಾಕಾಗುವ) ರೆಗ್ಯುಲೇಟರ್ ಹಾಕಿ ನೇರ 3.3 ವೋಲ್ಟ್ ಪಿನ್ನಿಗೆ ಕೊಡಿ. ಪಕ್ಕದಲ್ಲೇ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ. ಬೋರ್ಡಿನ ಹಳೆಯ ರೆಗ್ಯುಲೇಟರನ್ನೂ ಎಲ್‌ಇಡಿಯನ್ನೂ ಬೆಸುಗೆ ಬಿಡಿಸಿ ತೆಗೆಯಿರಿ. ಸೆನ್ಸರಿಗೆ, ಕೋಡಿನಿಂದಲೇ ಆನ್ ಆಫ್ ಮಾಡಬಹುದಾದ ಒಂದು ಜಿಪಿಐಒ ಪಿನ್ನಿನಿಂದ ವಿದ್ಯುತ್ ಕೊಟ್ಟರೆ ಚಿಪ್ಪಿನ ಜತೆ ಅದೂ ಮಲಗುತ್ತದೆ. ಕೊನೆಗೆ ಕೋಡು: ವೈಫೈ ಜೋಡಣೆಗೆ 3 ಸೆಕೆಂಡು, 120 ಮಿಲಿ ಎಂದುಕೊಂಡರೆ ಒಮ್ಮೆಗೆ 0.1 ಎಂಎಎಚ್. ದಿನಕ್ಕೆ 288 ಸಲ ಎಂದರೆ 28.8. ಓದುಗಳನ್ನು, ಚಿಪ್ಪು ಮಲಗಿದಾಗಲೂ ಅಳಿಯದ ಆರ್‌ಟಿಸಿ ಮೆಮೊರಿಯಲ್ಲಿ ಕೂಡಿಟ್ಟು ಗಂಟೆಗೊಮ್ಮೆ ಕಳಿಸಿದರೆ ಅದೇ ಲೆಕ್ಕ 2.4ಕ್ಕೆ ಇಳಿಯುತ್ತದೆ.

ಪ್ರಶ್ನೆ: ಫೋನಿನ ಆಕ್ಸೆಲರೋಮೀಟರಿನಿಂದ (ಅಲುಗಾಟ ಅಳೆಯುವ ಸೆನ್ಸರ್) ನಡಿಗೆ, ಓಟ, ಮೆಟ್ಟಿಲು ಹತ್ತುವುದನ್ನು ಗುರುತಿಸುವ ನಮ್ಮ ಮಾದರಿಗೆ 97% ನಿಖರತೆ. ಹೊಸಬರ ಜೇಬಿಗೆ ಹಾಕಿದರೆ 70 ದಾಟುವುದಿಲ್ಲ. ಏಕೆ?

ಪರೀಕ್ಷೆಗೆ ಮುಂಚೆಯೇ ಪ್ರಶ್ನೆಪತ್ರಿಕೆ ಸೋರಿದೆ. 50 ಹರ್ಟ್ಸ್‌ನಲ್ಲಿ 128 ಓದುಗಳ ಕಿಟಕಿ (ಒಮ್ಮೆಗೆ ನೋಡುವ ತುಂಡು), ಒಂದರ ಅರ್ಧ ಮುಂದಿನದರಲ್ಲೂ ಬರುವಂತೆ ಇಟ್ಟಿದ್ದೀರಿ ಎಂದುಕೊಳ್ಳಿ. ಅಕ್ಕಪಕ್ಕದ ಎರಡು ಕಿಟಕಿಗಳಲ್ಲಿ 64 ಓದು ಒಂದೇ. ಎಲ್ಲವನ್ನೂ ಕಲಸಿ 80–20 ಎಂದು ಒಡೆದರೆ ಒಂದು ಕಿಟಕಿ ಕಲಿಕೆಗೂ ಅದರ ಜೋಡಿ ಪರೀಕ್ಷೆಗೂ ಹೋಗುತ್ತದೆ. ಒಡೆಯುವುದಿದ್ದರೆ ಮನುಷ್ಯರ ಲೆಕ್ಕದಲ್ಲಿ ಒಡೆಯಿರಿ: ಹತ್ತು ಜನರಲ್ಲಿ ಒಂಬತ್ತು ಮಂದಿ ಕಲಿಕೆಗೆ, ಒಬ್ಬರು ಪರೀಕ್ಷೆಗೆ, ಹೀಗೆ ಹತ್ತು ಸುತ್ತು. ಎಲ್ಲ ಓದುಗಳನ್ನೂ ಒಂದೇ ಅಳತೆಗೆ ತರಲು (ನಾರ್ಮಲೈಸ್) ಬಳಸುವ ಸರಾಸರಿಯೂ ಆ ಒಂಬತ್ತು ಮಂದಿಯದ್ದೇ ಆಗಿರಲಿ. ವರದಿಯಲ್ಲಿ ಸರಾಸರಿಯ ಜತೆಗೆ ಅತಿ ಕಡಿಮೆ ಬಂದವರ ಅಂಕವನ್ನೂ ಬರೆಯಿರಿ. ನಮ್ಮ ಮಟ್ಟಿಗೆ ಓದಲು ಯೋಗ್ಯವಾದ ಸಂಖ್ಯೆ ಅದೇ.

ಫೋನು ಜೇಬಿನಲ್ಲಿ ತಲೆಕೆಳಗಾದರೆ ಅಕ್ಷಗಳೂ ತಿರುಗುತ್ತವೆ. ಮೂರು ಅಕ್ಷಗಳ ವರ್ಗಗಳ ಮೊತ್ತದ ವರ್ಗಮೂಲವನ್ನೂ ಒಂದು ಲಕ್ಷಣವಾಗಿ ಸೇರಿಸಿ. ಅದಕ್ಕೆ ದಿಕ್ಕಿನ ಹಂಗಿಲ್ಲ.

ಪ್ರಶ್ನೆ: ಕೈಗಡಿಯಾರದ ಸೆನ್ಸರಿಗೂ ಫೋನಿಗೂ ಎರಡು ವಾರದ ಹೊತ್ತಿಗೆ 25 ಸೆಕೆಂಡ್ ಅಂತರ ಬಂದಿದೆ. ಹಾಳಾಗಿದೆಯೇ?

ಇಲ್ಲ. ಸಾಧನದ ಗಡಿಯಾರಕ್ಕೆ ಮಿಡಿತ ಕೊಡುವ ಸಾಧಾರಣ ಕ್ರಿಸ್ಟಲ್ ದಶಲಕ್ಷಕ್ಕೆ 20 ಪಾಲು ಅತ್ತಿತ್ತ ಆಗುತ್ತದೆ, ದಿನಕ್ಕೆ 1.7 ಸೆಕೆಂಡು. 14 ದಿನಕ್ಕೆ 24. ಮೊದಲ ದಿನವೂ ಕೊನೆಯ ದಿನವೂ ಎರಡನ್ನೂ ಒಟ್ಟಿಗೆ ಹಿಡಿದು ಮೂರು ಸಲ ಜೋರಾಗಿ ಕುಲುಕಿ. ಎರಡೂ ದಾಖಲೆಯಲ್ಲಿ ಮೂರು ಶಿಖರ ಕಾಣುತ್ತವೆ. ಅವನ್ನು ಹೊಂದಿಸಿ ನಡುವಿನದ್ದನ್ನು ಸಮನಾಗಿ ಎಳೆದರೆ ಸಾಕು. ಚಳಿ, ಸೆಕೆಗೆ ಕ್ರಿಸ್ಟಲಿನ ಓಟ ಬದಲಾಗುವುದರಿಂದ ವಾರದ ನಡುವೆ ಇನ್ನೊಮ್ಮೆ ಕುಲುಕಿದರೆ ವಾಸಿ.

ಪ್ರಶ್ನೆ: ಮನೆಗಳಲ್ಲಿ ಬೆಳಕಿನ ಸೆನ್ಸರ್ ಮಾತ್ರ ಇಡುತ್ತೇವೆ. ಮಾತು, ಚಿತ್ರ ಯಾವುದೂ ಇಲ್ಲ. ಒಪ್ಪಿಗೆ ಪತ್ರ ಬೇಕೇ?

ಬೇಕು. ಮನೆಯವರು ಎಷ್ಟು ಹೊತ್ತಿಗೆ ಮಲಗುತ್ತಾರೆ, ನಡುರಾತ್ರಿ ಎಷ್ಟು ಸಲ ಏಳುತ್ತಾರೆ, ಮನೆ ಯಾವಾಗ ಖಾಲಿ ಇರುತ್ತದೆ ಎಂಬುದೆಲ್ಲ ಬೆಳಕಿನ ಗೆರೆಯಲ್ಲೇ ಸಿಗುತ್ತದೆ. ಏನು ದಾಖಲಾಗುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ, ನಡುವೆ ಬೇಡವೆನಿಸಿದರೆ ಹೇಗೆ ನಿಲ್ಲಿಸಬೇಕು — ನಾಲ್ಕೂ ಪತ್ರದಲ್ಲಿರಲಿ. ಅತಿಥಿಗಳ ವಿಷಯವೂ ಬರೆಯಿರಿ, ಸಹಿ ಹಾಕದವರೂ ದೀಪ ಹಾಕುತ್ತಾರೆ. ನೈತಿಕ ಸಮಿತಿಯ ಅನುಮತಿಗೆ ವಾರಗಟ್ಟಲೆ ಹಿಡಿಯಬಹುದು. ಸೆನ್ಸರಿಗೆ ಆರ್ಡರ್ ಹಾಕಿದ ದಿನವೇ ಅರ್ಜಿಯನ್ನೂ ಹಾಕಿಬಿಡಿ.